ಯೇಸುವಿನ ಹುಟ್ಟು ಮತ್ತು ಬಾಲ್ಯ: ಯಾವ ಗ್ರಂಥ, ಯಾರಿಗೆ, ಯಾವಾಗ?

ಕ್ರಿಸ್‌ಮಸ್ ಗೋದಲಿಯನ್ನು ನೀವು ನೋಡಿಯೇ ಇರುತ್ತೀರಿ. ಹುಲ್ಲಿನ ಗುಡಿಸಲು, ನಡುವೆ ಮಗು, ಪಕ್ಕದಲ್ಲಿ ಮರಿಯಳು ಮತ್ತು ಯೋಸೇಫ. ಒಂದು ಕಡೆ ಕುರುಬರು, ಇನ್ನೊಂದು ಕಡೆ ಕಿರೀಟ ತೊಟ್ಟ ಮೂವರು ರಾಜರು. ಹಿಂದೆ ಎತ್ತು, ಕತ್ತೆ. ಮೇಲೆ ನಕ್ಷತ್ರ. ಇದಿಷ್ಟೂ ಬೈಬಲ್‌ನಲ್ಲಿ ಒಂದೇ ಕಡೆ ಇದೆ ಅಂದುಕೊಂಡು ಪುಸ್ತಕ ತೆರೆದರೆ ಸಿಗುವುದಿಲ್ಲ. ಕುರುಬರು ಲೂಕನ ಸುವಾರ್ತೆಯಲ್ಲಿದ್ದಾರೆ (ಸುವಾರ್ತೆ ಎಂದರೆ ಯೇಸುವಿನ ಕತೆ ಹೇಳುವ ಪುಸ್ತಕ). ನಕ್ಷತ್ರ ಮತ್ತಾಯನಲ್ಲಿದೆ. ಎತ್ತು, ಕತ್ತೆ ಇಬ್ಬರಲ್ಲೂ ಇಲ್ಲ. ಮೂಡಣದಿಂದ ಬಂದವರು ರಾಜರು, ಅವರು ಮೂವರು ಅನ್ನುವ ಮಾತು ಬೈಬಲ್‌ನ ಈ ಅಧ್ಯಾಯಗಳಲ್ಲಿ ಎಲ್ಲೂ ಬರುವುದಿಲ್ಲ.

ಹಾಗಾದರೆ ಓದಲು ಕೂತವರು ಯಾವುದನ್ನು ಕೈಗೆತ್ತಿಕೊಳ್ಳಬೇಕು? ಡಿಸೆಂಬರ್ ಹತ್ತಿರ ಬಂದಾಗ ಈ ಪ್ರಶ್ನೆಯನ್ನು ತುಂಬ ಜನ ಕೇಳುತ್ತಾರೆ. ಸಂಡೇ ಸ್ಕೂಲ್ ಟೀಚರ್‌ಗಳು, ಮಕ್ಕಳಿಂದ ನಾಟಕ ಮಾಡಿಸುವವರು, ಕ್ರೈಸ್ತರಲ್ಲದ ಗೆಳೆಯರು, ಹೀಗೆ. ಎಲ್ಲರಿಗೂ ಒಂದೇ ಉತ್ತರ ಸರಿಹೋಗುವುದಿಲ್ಲ. ಆದರೆ ಒಂದು ಮಾತನ್ನು ಮಾತ್ರ ಎಲ್ಲರಿಗೂ ಹೇಳುತ್ತೇನೆ: ಬೆರೆಸಬೇಡಿ. ಒಂದನ್ನು ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಬೆರೆಸಿದ ಕೂಡಲೇ ಮತ್ತಾಯನಲ್ಲಿರುವ ಭಯ ಕರಗಿಹೋಗುತ್ತದೆ, ಲೂಕನಲ್ಲಿರುವ ಬಡತನ ಕಣ್ಣಿಗೆ ಬೀಳುವುದೇ ಇಲ್ಲ.

ಮುಂದೆ ಇರುವುದು ಮುಖ್ಯವಾಗಿ ನಾಲ್ಕು ಗ್ರಂಥಗಳ ಹೋಲಿಕೆ. ಎರಡು ಬೈಬಲ್‌ನ ಒಳಗಿನವು: ಮತ್ತಾಯನ ಸುವಾರ್ತೆ, ಲೂಕನ ಸುವಾರ್ತೆ. (ಕ್ಯಾಥೊಲಿಕರು ಶುಭಸಂದೇಶ ಅನ್ನುತ್ತಾರೆ, ಎರಡೂ ಒಂದೇ.) ಇನ್ನೆರಡು ಬೈಬಲ್‌ನ ಹೊರಗಿನವು: ಯಾಕೋಬನ ಹೆಸರಿನಲ್ಲಿರುವ ಜನನದ ಸುವಾರ್ತೆ, ಥೋಮನ ಹೆಸರಿನಲ್ಲಿರುವ ಬಾಲ್ಯದ ಸುವಾರ್ತೆ.

ಮಾರ್ಕ, ಯೋಹಾನ ಯಾಕಿಲ್ಲ?

ಬೈಬಲ್‌ನಲ್ಲಿ ಸುವಾರ್ತೆಗಳು ನಾಲ್ಕು, ಉಳಿದೆರಡು ಇವರದು. ಮಾರ್ಕನಲ್ಲಿ ಯೇಸುವಿನ ಹುಟ್ಟೇ ಇಲ್ಲ. ಅವನ ಪುಸ್ತಕ ಶುರುವಾಗುವುದು ಸ್ನಾನಿಕ ಯೋಹಾನನಿಂದ, ಯೇಸು ಅಷ್ಟರಲ್ಲಿ ದೊಡ್ಡವನಾಗಿ ಹೊಳೆಯ ದಡಕ್ಕೆ ಬಂದಿರುತ್ತಾನೆ. ಊರಿನವರು ಅವನನ್ನು ಬಡಗಿ, ಮರಿಯಳ ಮಗ ಎಂದು ಕರೆಯುವ ಒಂದು ಮಾತು ಆರನೇ ಅಧ್ಯಾಯದಲ್ಲಿ ಬರುತ್ತದೆ, ಅಷ್ಟೇ. ಸುವಾರ್ತೆಯ ಯೋಹಾನ (ಸ್ನಾನಿಕ ಯೋಹಾನ ಬೇರೆ, ಇವನು ಬೇರೆ) ಇನ್ನೂ ಹಿಂದಕ್ಕೆ, ಲೋಕ ಹುಟ್ಟುವುದಕ್ಕೂ ಮೊದಲಿನ ಕಾಲಕ್ಕೆ ಹೋಗುತ್ತಾನೆ. ವಾಕ್ಯವು, ಅಂದರೆ ದೇವರ ಮಾತು, ಮನುಷ್ಯನಾಗಿ ಬಂತು ಎಂದು ಹೇಳಿ ಮುಂದೆ ಸಾಗುತ್ತಾನೆ. ತಾಯಿಯ ಹೆಸರನ್ನು ಇಡೀ ಪುಸ್ತಕದಲ್ಲಿ ಎಲ್ಲೂ ಹೇಳುವುದಿಲ್ಲ. ಇವರೆಲ್ಲರಿಗಿಂತ ಮೊದಲು ಪತ್ರಗಳನ್ನು ಬರೆದ ಪೌಲ, ಗಲಾತ್ಯದವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದಲ್ಲಿ, ಯೇಸು ಒಬ್ಬ ಹೆಂಗಸಿನಲ್ಲಿ ಹುಟ್ಟಿದವನು ಎಂದಷ್ಟೇ ಹೇಳಿ ಬಿಡುತ್ತಾನೆ.

ಇದನ್ನು ತಿಳಿದುಕೊಂಡೇ ಮುಂದಕ್ಕೆ ಹೋಗುವುದು ಒಳ್ಳೆಯದು. ಮೊದಲ ತಲೆಮಾರಿನ ಕ್ರೈಸ್ತರು ಯೇಸುವಿನ ಸಾವು ಮತ್ತು ಪುನರುತ್ಥಾನದ ಬಗ್ಗೆ ಮಾತಾಡಿದಷ್ಟು ಅವನ ಹುಟ್ಟಿನ ಬಗ್ಗೆ ಮಾತಾಡಲಿಲ್ಲ. ಹುಟ್ಟಿನ ಕತೆ ಬೇಕು ಅನ್ನುವವರಿಗೆ ಬೈಬಲ್‌ನಲ್ಲಿರುವುದು ಎರಡೇ ಬಾಗಿಲು.

ಮತ್ತಾಯ: 48 ವಚನ, ಒಂದು ಭಯದ ರಾತ್ರಿ

ಮತ್ತಾಯನ ಮೊದಲ ಎರಡು ಅಧ್ಯಾಯ ಸೇರಿ 48 ವಚನ. ಒಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಓದಿಬಿಡಬಹುದು. ಆದರೆ ಬಹಳ ಜನ ಮೊದಲ ಪುಟದಲ್ಲೇ ನಿಂತುಬಿಡುತ್ತಾರೆ, ಯಾಕೆಂದರೆ ಅದು ಬರೀ ಹೆಸರುಗಳ ಪಟ್ಟಿ. ಅಬ್ರಹಾಮನಿಂದ ಯೋಸೇಫನವರೆಗೆ ಹದಿನಾಲ್ಕು ಹದಿನಾಲ್ಕು ತಲೆಮಾರುಗಳ ಮೂರು ಸಾಲು.

ಆ ಪಟ್ಟಿಯನ್ನು ದಯವಿಟ್ಟು ಹಾರಿಸಬೇಡಿ. ಅಪ್ಪ, ಮಗ, ಮೊಮ್ಮಗ ಎಂದು ಸಾಗುವ ಸಾಲಿನ ನಡುವೆ ನಾಲ್ಕು ಹೆಂಗಸರು ಬರುತ್ತಾರೆ: ತಾಮಾರ್, ರಾಹಾಬ್, ರೂತ್, ಊರೀಯನ ಹೆಂಡತಿ. ಮಾವನಿಂದಲೇ ಬಸಿರಾದವಳು ಒಬ್ಬಳು. ವೇಶ್ಯೆ ಒಬ್ಬಳು. ಪರದೇಶದಿಂದ ಬಂದ ವಿಧವೆ ಒಬ್ಬಳು. ರಾಜನ ಕಣ್ಣಿಗೆ ಬಿದ್ದು ಗಂಡನನ್ನು ಕಳೆದುಕೊಂಡವಳು ಒಬ್ಬಳು. ದೊಡ್ಡ ಮನೆತನದ ಹೆಂಗಸರನ್ನೆಲ್ಲ ಬಿಟ್ಟು ಇವರನ್ನೇ ಮತ್ತಾಯ ಯಾಕೆ ಆರಿಸಿದ? ಮುಂದಿನ ಸಾಲುಗಳಲ್ಲಿ ಉತ್ತರ ಹೊಳೆಯುತ್ತದೆ. ಮದುವೆ ನಿಶ್ಚಯವಾದ, ಆದರೆ ಇನ್ನೂ ಗಂಡನ ಮನೆಗೆ ಹೋಗದ ಹುಡುಗಿ ಗರ್ಭಿಣಿಯಾಗಿದ್ದಾಳೆ. ಊರು ಏನು ಮಾತಾಡಿಕೊಳ್ಳುತ್ತದೆ ಎಂದು ಎಲ್ಲರಿಗೂ ಗೊತ್ತು. ಇಂಥ ಮಾತು ಕೇಳಿಸಿಕೊಂಡ ಹೆಂಗಸರ ಮೂಲಕವೇ ಈ ವಂಶ ಇಲ್ಲಿವರೆಗೆ ಬಂದಿದೆ ಎಂದು ಅವನು ಮೊದಲೇ ಹೇಳಿಟ್ಟಿದ್ದಾನೆ. ನನ್ನ ಓದಿನಲ್ಲಿ ಮತ್ತಾಯನ ಇಡೀ ಕತೆಯ ಕೀಲಿಕೈ ಇದೇ.

ಮತ್ತಾಯನ ಕತೆ ಯೋಸೇಫನ ಕತೆ. ಮರಿಯಳನ್ನು ಹತ್ತು ಜನರ ಮುಂದೆ ಅವಮಾನ ಮಾಡಲು ಅವನಿಗೆ ಮನಸ್ಸಿಲ್ಲ, ಗುಟ್ಟಾಗಿ ಬಿಟ್ಟುಬಿಡೋಣ ಎಂದು ಯೋಚಿಸುತ್ತಾನೆ. ಆಗ ಕನಸು. ಅವನಿಗೆ ಒಟ್ಟು ನಾಲ್ಕು ಕನಸು ಬೀಳುತ್ತವೆ. ಕನಸಿನಲ್ಲಿ ದೇವರು ಹೇಳುತ್ತಾನೆ, ಯೋಸೇಫ ಎದ್ದು ಅದನ್ನು ಮಾಡುತ್ತಾನೆ. ಬಾಯಿಬಿಟ್ಟು ಒಂದು ಮಾತೂ ಆಡುವುದಿಲ್ಲ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿ ಹುಡುಕಿದರೂ ಯೋಸೇಫ ಆಡಿದ ಒಂದು ಮಾತೂ ಸಿಗುವುದಿಲ್ಲ.

ಎರಡನೇ ಅಧ್ಯಾಯ ಪೂರ್ತಿ ಆಗಿನ ರಾಜ ಹೆರೋದನ ನೆರಳು. ಮೂಡಣದ ಜೋಯಿಸರು ಯೆರೂಸಲೇಮಿಗೆ ಬಂದು, ಹುಟ್ಟಿದ ರಾಜ ಎಲ್ಲಿ ಎಂದು ಕೇಳುತ್ತಾರೆ. ಸಿಂಹಾಸನದ ಮೇಲೆ ಕೂತ ರಾಜನ ಊರಿನಲ್ಲಿ ಕೇಳಬಾರದ ಪ್ರಶ್ನೆ ಅದು. ಬೇತ್ಲೆಹೇಮಿನಲ್ಲಿ ಮಗುವನ್ನು ಅವರು ನೋಡುವುದು ಕೊಟ್ಟಿಗೆಯಲ್ಲಲ್ಲ, ಮನೆಯಲ್ಲಿ. ಚಿನ್ನ, ಧೂಪ, ರಕ್ತಬೋಳ ಇಟ್ಟು ಬೇರೆ ದಾರಿಯಲ್ಲಿ ಊರಿಗೆ ಹೋಗುತ್ತಾರೆ. ಉಡುಗೊರೆ ಮೂರು ಇದ್ದದ್ದರಿಂದ ಬಂದವರೂ ಮೂವರೇ ಇರಬೇಕು ಎಂದು ಆಮೇಲಿನವರು ಲೆಕ್ಕ ಹಾಕಿದರು. ಜೋಯಿಸರು ಹೋದ ಮೇಲೆ ಯೋಸೇಫ ರಾತ್ರೋರಾತ್ರಿ ತಾಯಿಮಗುವನ್ನು ಕರೆದುಕೊಂಡು ಐಗುಪ್ತಕ್ಕೆ (ಈಜಿಪ್ಟ್) ಓಡುತ್ತಾನೆ. ಬೇತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಹೆರೋದ ಕೊಲ್ಲಿಸುತ್ತಾನೆ.

ಈ ಕೊಲೆಯ ಬಗ್ಗೆ ಮತ್ತಾಯ ಬಿಟ್ಟರೆ ಆ ಕಾಲದ ಬೇರೆ ಬರಹ ಇಲ್ಲ. ಹೆರೋದನ ಬಗ್ಗೆ ವಿವರವಾಗಿ ಬರೆದ ಯೆಹೂದಿ ಇತಿಹಾಸಕಾರ ಜೋಸೆಫಸ್ ಕೂಡ ಇದನ್ನು ಹೇಳುವುದಿಲ್ಲ. ಹೆರೋದ ತನ್ನ ಸ್ವಂತ ಮಕ್ಕಳನ್ನೇ ಕೊಲ್ಲಿಸಿದ್ದನ್ನು ಮಾತ್ರ ಬರೆದಿದ್ದಾನೆ.

ಮತ್ತಾಯನನ್ನು ಓದುವಾಗ ಒಂದು ಕೆಲಸ ಮಾಡಿ. ಪ್ರವಾದಿಯ ಮಾತು ನೆರವೇರಿತು, ಪ್ರವಾದಿ ಹೀಗೆ ಬರೆದಿದ್ದಾನೆ ಎಂಬ ಮಾತು ಬಂದಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಎರಡು ಅಧ್ಯಾಯದಲ್ಲಿ ಐದು ಕಡೆ ಸಿಗುತ್ತದೆ. ಯೆಶಾಯ, ಮೀಕ, ಹೋಶೇಯ, ಯೆರೆಮೀಯ, ಹೀಗೆ ಹಳೆಯ ಪ್ರವಾದಿಗಳು ಸಾಲಾಗಿ ಬರುತ್ತಾರೆ. ಇಸ್ರಾಯೇಲರನ್ನು ಐಗುಪ್ತದಿಂದ ಬಿಡಿಸಿ ತಂದ ಮೋಶೆಯ ಕತೆ ಗೊತ್ತಿದ್ದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿಯೂ ಗಂಡುಕೂಸುಗಳನ್ನು ಕೊಲ್ಲಿಸುವ ರಾಜ, ಅಲ್ಲಿಯೂ ತಪ್ಪಿಸಿಕೊಂಡ ಒಂದು ಮಗು, ಅಲ್ಲಿಯೂ ಐಗುಪ್ತ. ಅಂದು ಇಸ್ರಾಯೇಲರು ಓಡಿಬಂದ ದೇಶಕ್ಕೇ ಈಗ ಓಡಿಹೋಗಿ ಜೀವ ಉಳಿಸಿಕೊಳ್ಳಬೇಕಾಗಿದೆ. ಮೊದಲ ಓದುಗರಿಗೆ ಇದು ಎಷ್ಟು ನಾಟಿರಬೇಕು ಅಲ್ವಾ?

ಲೂಕ: 132 ವಚನ, ಹಾಡುಗಳು, ಎರಡು ಹಕ್ಕಿಮರಿ

ಲೂಕನ ಮೊದಲ ಎರಡು ಅಧ್ಯಾಯ 132 ವಚನ. ಮತ್ತಾಯನ ಎರಡೂಮುಕ್ಕಾಲು ಪಟ್ಟು. ಇಲ್ಲಿ ಎಲ್ಲರೂ ಮಾತಾಡುತ್ತಾರೆ, ಹಾಡುತ್ತಾರೆ. ವಯಸ್ಸಾದ ಯಾಜಕ ಜಕರೀಯ, ಅವನ ಹೆಂಡತಿ ಎಲಿಸಬೇತ್, ದೂತ ಗಬ್ರಿಯೇಲ, ಮರಿಯಳು, ಹೊಲದಲ್ಲಿ ರಾತ್ರಿ ಕುರಿ ಕಾಯುವವರು, ದೇವಾಲಯದ ಮುದುಕ ಸಿಮೆಯೋನ, 84ರ ವಿಧವೆ ಅನ್ನಳು. ಕತೆ ಶುರುವಾಗುವುದು ಯೆರೂಸಲೇಮಿನ ದೇವಾಲಯದಲ್ಲಿ, ಮುಗಿಯುವುದೂ ಅಲ್ಲೇ.

ಇದು ಮರಿಯಳ ಕಡೆಯಿಂದ ಕಾಣುವ ಕತೆ. ಗಬ್ರಿಯೇಲನಿಗೆ ಅವಳು ಪ್ರಶ್ನೆ ಹಾಕುತ್ತಾಳೆ. ಉತ್ತರ ಕೇಳಿ ಒಪ್ಪುತ್ತಾಳೆ. ಬೆಟ್ಟದ ಸೀಮೆಗೆ ಎಲಿಸಬೇತಳನ್ನು ನೋಡಲು ಹೋಗುತ್ತಾಳೆ. ಅಲ್ಲಿ ಅವಳು ಹಾಡುವ ಹಾಡು ಜೋಗುಳದ ಥರ ಇಲ್ಲ. ಗದ್ದುಗೆಯಲ್ಲಿ ಕೂತವರನ್ನು ದೇವರು ಕೆಳಗಿಳಿಸಿದ, ಹಸಿದವರ ಹೊಟ್ಟೆ ತುಂಬಿಸಿದ, ಹಣವಂತರನ್ನು ಬರಿಗೈಲಿ ಕಳಿಸಿದ ಎನ್ನುವ ಹಾಡು. ಹಳೆಯ ಒಡಂಬಡಿಕೆಯಲ್ಲಿ, ಅಂದರೆ ಬೈಬಲ್‌ನ ಯೇಸುವಿಗಿಂತ ಹಿಂದಿನ ಭಾಗದಲ್ಲಿ, ಸಮುವೇಲನ ತಾಯಿ ಹನ್ನಳು ಹಾಡಿದ್ದನ್ನು ಇದರ ಜೊತೆಗಿಟ್ಟು ಓದಿ (1 ಸಮುವೇಲ, ಎರಡನೇ ಅಧ್ಯಾಯ). ಅಕ್ಕತಂಗಿಯರ ಹಾಗೆ ಇವೆ. ಕ್ಯಾಥೊಲಿಕ್ ಸಭೆಯ (ಚರ್ಚ್) ಸಂಜೆಯ ಪ್ರಾರ್ಥನೆಯಲ್ಲಿ ಇವತ್ತಿಗೂ ಪ್ರತಿದಿನ ಈ ಹಾಡು ಬರುತ್ತದೆ.

ಲೂಕನಲ್ಲಿ ಒಂದು ಸಣ್ಣ ವಿವರವನ್ನು ಹತ್ತಿರದಿಂದ ನೋಡಬೇಕು. ಎರಡನೇ ಅಧ್ಯಾಯದ 24ನೇ ವಚನ. ಮಗುವನ್ನು ದೇವಾಲಯಕ್ಕೆ ತಂದಾಗ ಒಂದು ಜೋಡಿ ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿಗಳನ್ನು ಅರ್ಪಿಸಬೇಕು ಎಂಬ ನಿಯಮವನ್ನು ಲೂಕ ನೆನಪಿಸುತ್ತಾನೆ. ಸುಮ್ನೆ ಓದಿದರೆ ಏನೂ ಅನಿಸುವುದಿಲ್ಲ. ಆದರೆ ಆ ನಿಯಮ ಇರುವ ಯಾಜಕಕಾಂಡದ ಹನ್ನೆರಡನೇ ಅಧ್ಯಾಯವನ್ನು ತೆರೆಯಿರಿ. ಗಂಡುಮಗು ಹುಟ್ಟಿ ನಲವತ್ತು ದಿನ ಆದ ಮೇಲೆ ಬಾಣಂತಿ ಒಂದು ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ತರಬೇಕು. ಕುರಿ ಕೊಳ್ಳುವ ಶಕ್ತಿ ಇಲ್ಲದಿದ್ದರೆ ಎರಡು ಹಕ್ಕಿ ಸಾಕು. ಮರಿಯಳು ತಂದದ್ದು ಎರಡು ಹಕ್ಕಿ. ಅವರು ಬಡವರು ಎಂದು ಲೂಕ ಎಲ್ಲೂ ಬರೆಯುವುದಿಲ್ಲ, ಹಕ್ಕಿಯ ಹೆಸರು ಹೇಳಿ ಸುಮ್ಮನಾಗುತ್ತಾನೆ. ಛತ್ರದಲ್ಲಿ ಜಾಗ ಸಿಗದೆ ಮಗುವನ್ನು ಗೋದಲಿಯಲ್ಲಿ ಮಲಗಿಸಿದ್ದು, ಸುದ್ದಿ ಮೊದಲು ಕುರುಬರಿಗೆ ಸಿಕ್ಕಿದ್ದು, ಈಗ ಈ ಎರಡು ಹಕ್ಕಿ, ಎಲ್ಲವೂ ಒಂದೇ ಎಳೆ. ಜೋಯಿಸರ ಚಿನ್ನವನ್ನು ತಂದು ಇಲ್ಲಿ ಬೆರೆಸಿದರೆ ಈ ಎಳೆ ಕಡಿದುಹೋಗುತ್ತದೆ. ಬೆರೆಸಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಬಾಲ್ಯದ ಬಗ್ಗೆ ಬೈಬಲ್‌ನಲ್ಲಿ ಇರುವ ಒಂದೇ ಒಂದು ಕತೆಯೂ ಲೂಕನದ್ದು. ಯೇಸುವಿಗೆ ಹನ್ನೆರಡು ವರ್ಷ. ಯೆರೂಸಲೇಮಿನಲ್ಲಿ ಯೆಹೂದಿಗಳ ಪಸ್ಕ ಹಬ್ಬ ಮುಗಿಸಿ ಎಲ್ಲರೂ ಊರಿಗೆ ಹೊರಟಿದ್ದಾರೆ, ಹುಡುಗ ಜೊತೆಯಲ್ಲಿಲ್ಲ. ನೆಂಟರ ಗುಂಪಿನಲ್ಲಿ ಇರಬೇಕು ಅಂದುಕೊಂಡು ಒಂದು ದಿನದ ದಾರಿ ನಡೆದುಬಿಟ್ಟಿದ್ದಾರೆ. ಮೂರು ದಿನದ ಮೇಲೆ ದೇವಾಲಯದಲ್ಲಿ ಸಿಗುತ್ತಾನೆ, ಬೋಧಕರ ನಡುವೆ ಕೂತು ಕೇಳುತ್ತಾ, ಪ್ರಶ್ನೆ ಮಾಡುತ್ತಾ. ತಾಯಿ ಕೇಳುವ ಪ್ರಶ್ನೆ ಯಾವ ತಾಯಿಯಾದರೂ ಕೇಳುವಂಥದ್ದು: ಮಗನೇ, ನಮಗೆ ಯಾಕೆ ಹೀಗೆ ಮಾಡಿದೆ? ಅವನ ಉತ್ತರ ಅಪ್ಪ ಅಮ್ಮ ಇಬ್ಬರಿಗೂ ಅರ್ಥವಾಗಲಿಲ್ಲ ಎಂದು ಲೂಕ ಮುಚ್ಚುಮರೆ ಇಲ್ಲದೆ ಬರೆಯುತ್ತಾನೆ. ಆಮೇಲೆ ಹುಡುಗ ಅವರ ಜೊತೆ ನಜರೇತಿಗೆ ಹೋಗಿ, ಅವರ ಮಾತು ಕೇಳಿಕೊಂಡು ಇರುತ್ತಾನೆ.

ಇಬ್ಬರೂ ಹೊಂದುವ ಕಡೆ, ಹೊಂದದ ಕಡೆ

ತಾಯಿ ಮರಿಯಳು, ಅವಳಿಗೆ ನಿಶ್ಚಯವಾದವನು ದಾವೀದನ ವಂಶದ ಯೋಸೇಫ. ಮಗು ಪವಿತ್ರಾತ್ಮನಿಂದ ಬಂದದ್ದು. ಹೆಸರು ದೂತ ಹೇಳಿದ್ದು. ಹುಟ್ಟಿದ್ದು ಬೇತ್ಲೆಹೇಮಿನಲ್ಲಿ, ಹೆರೋದನ ಕಾಲದಲ್ಲಿ. ಬೆಳೆದದ್ದು ನಜರೇತಿನಲ್ಲಿ. ಇಷ್ಟರಲ್ಲಿ ಮತ್ತಾಯ, ಲೂಕ ಇಬ್ಬರೂ ಒಂದೇ. ಒಬ್ಬರನ್ನೊಬ್ಬರು ನೋಡಿ ಬರೆದ ಹಾಗೆ ಕಾಣದ ಎರಡು ಕತೆಗಳಲ್ಲಿ ಇಷ್ಟು ಹೊಂದಿಕೆ ಇರುವುದು ಸಣ್ಣ ಸಂಗತಿಯಲ್ಲ.

ಹೊಂದದ ಕಡೆಗಳೂ ಇವೆ, ಅವನ್ನು ಮುಚ್ಚಿಡಬೇಕಾಗಿಲ್ಲ. ಮತ್ತಾಯನಲ್ಲಿ ಕುಟುಂಬ ಮೊದಲಿಂದಲೂ ಬೇತ್ಲೆಹೇಮಿನದ್ದೇ ಎನ್ನುವಂತೆ ಕಾಣುತ್ತದೆ. ಐಗುಪ್ತದಿಂದ ವಾಪಸ್ ಬರುವಾಗ ಹೆರೋದನ ಮಗ ಅರ್ಖೆಲಾಯನಿಗೆ ಹೆದರಿ ನಜರೇತಿಗೆ ಹೋಗುತ್ತಾರೆ. ಲೂಕನಲ್ಲಿ ಅವರ ಊರು ಮೊದಲಿಂದಲೇ ನಜರೇತು. ಜನಗಣತಿಗಾಗಿ ಬೇತ್ಲೆಹೇಮಿಗೆ ಬರುತ್ತಾರೆ. ದೇವಾಲಯದ ವಿಧಿಗಳನ್ನು ಮುಗಿಸಿ ಸೀದಾ ಊರಿಗೆ ಹೋಗುತ್ತಾರೆ, ಐಗುಪ್ತದ ಮಾತೇ ಇಲ್ಲ. ವಂಶಾವಳಿಯೂ ಬೇರೆ. ಮತ್ತಾಯ ದಾವೀದನ ಮಗ ಸೊಲೊಮೋನನ ಕಡೆಯಿಂದ ಬಂದರೆ, ಲೂಕ ಇನ್ನೊಬ್ಬ ಮಗ ನಾತಾನನ ಕಡೆಯಿಂದ ಬಂದು ಆದಾಮನವರೆಗೂ ಹೋಗುತ್ತಾನೆ. ಮತ್ತಾಯನಲ್ಲಿ ಯೋಸೇಫನ ಅಪ್ಪ ಯಾಕೋಬ, ಲೂಕನಲ್ಲಿ ಹೇಲಿ.

ಕಾಲದ ಲೆಕ್ಕವೂ ಕಷ್ಟ. ಹೆರೋದ ತೀರಿಕೊಂಡದ್ದು ಕ್ರಿ.ಪೂ. 4ರಲ್ಲಿ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಲೂಕ ಹೆಸರಿಸುವ ರೋಮಿನ ಅಧಿಪತಿ ಕುರೇನ್ಯ ಯೂದಾಯದಲ್ಲಿ ಜನಗಣತಿ ಮಾಡಿಸಿದ್ದು ಕ್ರಿ.ಶ. 6ರಲ್ಲಿ. ನಡುವೆ ಸುಮಾರು ಒಂಬತ್ತು ವರ್ಷದ ಅಂತರ. ಇದನ್ನು ಸರಿಹೊಂದಿಸಲು ಶತಮಾನಗಳಿಂದ ಪ್ರಯತ್ನಗಳು ನಡೆದಿವೆ, ಎಲ್ಲರೂ ಒಪ್ಪುವ ಉತ್ತರ ಸಿಕ್ಕಿಲ್ಲ. ನಂಬಿಕೆಯಿಂದ ಓದುವವರಿಗೆ ಇದರಿಂದ ಗಾಬರಿ ಬೇಡ ಎಂದು ನನ್ನ ಅನಿಸಿಕೆ. ಯಜಮಾನಿಕೆ ನಡೆಸುವವರ ಮುಂದೆ ಈ ಮಗು ಯಾರು ಎಂದು ಇಬ್ಬರೂ ತೋರಿಸುತ್ತಿದ್ದಾರೆ. ಮತ್ತಾಯ ಹೆರೋದನ ಎದುರು ನಿಲ್ಲಿಸಿ ತೋರಿಸುತ್ತಾನೆ. ಲೂಕ ರೋಮಿನ ಚಕ್ರವರ್ತಿ ಕೈಸರ ಔಗುಸ್ತನ ಎದುರು.

ಯಾಕೋಬನ ಹೆಸರಿನ ಸುವಾರ್ತೆ: ಹಬ್ಬಗಳ ಹಿಂದಿನ ಕತೆ

ಈಗ ಬೈಬಲ್‌ನ ಹೊರಗೆ ಬರೋಣ. ಈ ಗ್ರಂಥ ಗ್ರೀಕ್ ಭಾಷೆಯದು, ಎರಡನೇ ಶತಮಾನದ್ದು. ಯೇಸುವಿನ ಸಹೋದರ ಯಾಕೋಬ ಬರೆದದ್ದು ಎಂದು ಹೇಳಿಕೊಂಡರೂ ಅವನು ಬರೆದದ್ದಲ್ಲ. ಯಾವ ಸಭೆಯೂ ಇದನ್ನು ಬೈಬಲ್‌ಗೆ ಸೇರಿಸಿಲ್ಲ. ಪಶ್ಚಿಮದ ಸಭೆ ಇದನ್ನು ದೂರವೇ ಇಟ್ಟಿತು, ಪೂರ್ವದ ಸಭೆಗಳಲ್ಲಿ ಜನ ಓದುತ್ತಲೇ ಇದ್ದರು.

ಇಲ್ಲಿರುವುದು ಮರಿಯಳ ಹುಟ್ಟಿನ ಕತೆ. ಅಪ್ಪ ಯೊವಾಕೀಮ್, ಅಮ್ಮ ಅನ್ನಮ್ಮ. (ಲೂಕನ ವಿಧವೆ ಅನ್ನಳು ಬೇರೆ, ಇವಳು ಬೇರೆ.) ಅನುಕೂಲಸ್ಥರು, ಆದರೆ ಮಕ್ಕಳಿಲ್ಲ. ಮಕ್ಕಳಿಲ್ಲದವನು ಮೊದಲು ಕಾಣಿಕೆ ಕೊಡಬಾರದು ಎಂದು ಯೊವಾಕೀಮನನ್ನು ತಡೆಯುತ್ತಾರೆ. ಅವನು ಮನನೊಂದು ಕಾಡಿಗೆ ಹೋಗುತ್ತಾನೆ. ಮನೆಯ ತೋಟದಲ್ಲಿ ಅನ್ನಮ್ಮ ಮರದ ಮೇಲಿನ ಗುಬ್ಬಿಗೂಡು ನೋಡಿ, ಹಕ್ಕಿಗೂ ಮರಿ ಇದೆ, ನನಗಿಲ್ಲವಲ್ಲ ಎಂದು ಅಳುತ್ತಾಳೆ. ಆಮೇಲೆ ಹುಟ್ಟಿದ ಮಗಳನ್ನು ಮೂರು ವರ್ಷಕ್ಕೆ ದೇವಾಲಯಕ್ಕೆ ಒಪ್ಪಿಸುತ್ತಾರೆ. ಆ ಪುಟ್ಟ ಹುಡುಗಿ ವೇದಿಕೆಯ ಮೂರನೇ ಮೆಟ್ಟಿಲ ಮೇಲೆ ಕುಣಿಯುತ್ತಾಳೆ. ಯೋಸೇಫ ಇಲ್ಲಿ ವಯಸ್ಸಾದ ವಿಧುರ, ಮೊದಲೇ ಗಂಡುಮಕ್ಕಳಿರುವವನು. ಚಿತ್ರಗಳಲ್ಲಿ ಯೋಸೇಫ ಬಿಳಿಗಡ್ಡದ ಮುದುಕನಾಗಿ ಕಾಣುವುದಕ್ಕೆ ಮೂಲ ಇದೇ. ಸುವಾರ್ತೆಗಳಲ್ಲಿ ಅವನ ವಯಸ್ಸಿನ ಮಾತಿಲ್ಲ.

ನನಗೆ ತುಂಬ ಇಷ್ಟವಾದ ಭಾಗ ಹೆರಿಗೆಯ ಹೊತ್ತಿನದು. ಇಲ್ಲಿ ಮಗು ಹುಟ್ಟುವುದು ಗುಹೆಯಲ್ಲಿ. ಮರಿಯಳನ್ನು ಅಲ್ಲಿ ಬಿಟ್ಟು ಯೋಸೇಫ ಸೂಲಗಿತ್ತಿಯನ್ನು ಹುಡುಕಲು ಹೊರಡುತ್ತಾನೆ. ಇದ್ದಕ್ಕಿದ್ದಂತೆ ಎಲ್ಲವೂ ನಿಂತುಬಿಡುತ್ತದೆ. ಆಕಾಶದಲ್ಲಿ ಹಕ್ಕಿಗಳು ಇದ್ದಲ್ಲೇ ಇವೆ. ಕೂಲಿಯವರು ಊಟಕ್ಕೆ ಕೂತಿದ್ದಾರೆ, ಕೈ ಬಟ್ಟಲಲ್ಲಿದೆ, ತುತ್ತು ಬಾಯಿಗೆ ಹೋಗುತ್ತಿಲ್ಲ. ಕುರಿಗಳನ್ನು ಹೊಡೆಯಲು ಎತ್ತಿದ ಕುರುಬನ ಕೋಲು ಮೇಲೆಯೇ ಇದೆ. ಆಡುಮರಿಗಳ ಬಾಯಿ ನೀರಿಗೆ ತಾಗಿದೆ, ಕುಡಿಯುತ್ತಿಲ್ಲ. ಮರುಕ್ಷಣ ಎಲ್ಲವೂ ಮೊದಲಿನ ಹಾಗೆ ನಡೆಯುತ್ತದೆ. ಇದನ್ನು ಯೋಸೇಫನೇ ತನ್ನ ಬಾಯಿಯಿಂದ ಹೇಳುತ್ತಾನೆ. ಸುವಾರ್ತೆಗಳಲ್ಲಿ ಒಂದು ಮಾತೂ ಆಡದವನಿಗೆ ಇಲ್ಲಿ ಯಾರೋ ದನಿ ಕೊಟ್ಟಿದ್ದಾರೆ. ಇದು ಬೈಬಲ್ ಅಲ್ಲ. ಆದರೂ ಆ ರಾತ್ರಿಯ ಬಗ್ಗೆ ಹಳೆಯ ಕಾಲದ ಒಬ್ಬ ಭಕ್ತ ಎಷ್ಟು ಆಳವಾಗಿ ಧ್ಯಾನಿಸಿದ್ದ ಎಂದು ಇದರಲ್ಲಿ ಕಾಣುತ್ತದೆ.

ಕರಾವಳಿಯ ಓದುಗರಿಗೆ ಈ ಗ್ರಂಥ ಇನ್ನೂ ಹತ್ತಿರದ್ದು. ಸೆಪ್ಟೆಂಬರ್ 8 ಮರಿಯಮ್ಮನ ಹುಟ್ಟುಹಬ್ಬ. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕರಿಗೆ ಅದು ಮೊಂತಿ ಫೆಸ್ತ್. ಒಂಬತ್ತು ದಿನದ ನೊವೆನಾ ಪ್ರಾರ್ಥನೆಯಲ್ಲಿ ಮಕ್ಕಳು ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಚರ್ಚ್‌ನಲ್ಲಿ ಹೊಸ ತೆನೆಗೆ ಆಶೀರ್ವಾದ ಆಗುತ್ತದೆ. ಮನೆಗೆ ತಂದ ತೆನೆಯ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಪಾಲು ತೆಗೆದುಕೊಳ್ಳುತ್ತಾರೆ. ಅದೇ ನೊವೆಂ. ಊಟ ಬಾಳೆಲೆಯಲ್ಲಿ, ಪೂರ್ತಿ ಸಸ್ಯಾಹಾರ. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕಾದಲ್ಲಿ ಅದೇ ದಿನ ದೊಡ್ಡ ಜಾತ್ರೆ. ಇಷ್ಟು ಸಂಭ್ರಮದ ಈ ಹುಟ್ಟು ಬೈಬಲ್‌ನಲ್ಲಿ ಎಲ್ಲೂ ಇಲ್ಲ. ಅದರ ಕತೆ ನಮಗೆ ಸಿಗುವ ಅತಿ ಹಳೆಯ ಜಾಗ ಈ ಗ್ರಂಥ. ಜುಲೈ 26ರ ಸಂತ ಅನ್ನಮ್ಮ ಮತ್ತು ಯೊವಾಕೀಮರ ಹಬ್ಬ, ನವೆಂಬರ್ 21ರಂದು ಮರಿಯಮ್ಮನನ್ನು ದೇವಾಲಯಕ್ಕೆ ಒಪ್ಪಿಸಿದ ನೆನಪಿನ ಹಬ್ಬ, ಇವುಗಳ ಕತೆಯೂ ಇಲ್ಲಿಯದೇ.

ಥೋಮನ ಹೆಸರಿನ ಬಾಲ್ಯದ ಸುವಾರ್ತೆ: ಎಚ್ಚರಿಕೆಯಿಂದ

ಮೊದಲು ಒಂದು ಗೊಂದಲ ಬಗೆಹರಿಸೋಣ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕಿದ ಥೋಮನ ಸುವಾರ್ತೆ ಬೇರೆ. ಅದರಲ್ಲಿ ಯೇಸುವಿನ ಮಾತುಗಳಷ್ಟೇ ಇವೆ. ಇಲ್ಲಿ ಹೇಳುತ್ತಿರುವುದು ಐದರಿಂದ ಹನ್ನೆರಡು ವರ್ಷದವರೆಗಿನ ಯೇಸುವಿನ ಕತೆಗಳು. ಇದೂ ಎರಡನೇ ಶತಮಾನದ್ದೇ. ಇದರ ಗ್ರೀಕ್ ಪ್ರತಿಗಳಲ್ಲಿ ಅತಿ ಹಳೆಯದು ಎನ್ನಲಾದ ಪಪೈರಸ್ ತುಂಡು ಜರ್ಮನಿಯ ಹ್ಯಾಂಬರ್ಗ್ ಗ್ರಂಥಾಲಯದಲ್ಲಿತ್ತು. ಅದು ಈ ಕತೆಯದು ಎಂದು ಗುರುತಿಸಿ ಪ್ರಕಟಿಸಿದ್ದು 2024ರಲ್ಲಿ. ನಾಲ್ಕೈದನೇ ಶತಮಾನದ ಆ ತುಂಡಿನಲ್ಲಿರುವುದು ಗುಬ್ಬಿಗಳ ಕತೆ.

ಆ ಕತೆ ಹೀಗಿದೆ. ಮಳೆ ಬಂದು ನಿಂತಿದೆ. ಐದು ವರ್ಷದ ಯೇಸು ತೊರೆಯ ಬದಿಯಲ್ಲಿ ಮಣ್ಣಿನಿಂದ ಹನ್ನೆರಡು ಗುಬ್ಬಿ ಮಾಡುತ್ತಾನೆ. ಅಂದು ಸಬ್ಬತ್, ಕೆಲಸ ಮಾಡಬಾರದ ದಿನ. ಯಾರೋ ಹೋಗಿ ಯೋಸೇಫನಿಗೆ ದೂರು ಹೇಳುತ್ತಾರೆ. ಯೋಸೇಫ ಗದರುತ್ತಾನೆ, ಹುಡುಗ ಚಪ್ಪಾಳೆ ತಟ್ಟುತ್ತಾನೆ, ಗುಬ್ಬಿಗಳು ಹಾರಿಹೋಗುತ್ತವೆ. ಚೆಂದದ ಕತೆ. ಆದರೆ ಮುಂದೆ ಓದಿದರೆ ಮನಸ್ಸು ಭಾರವಾಗುತ್ತದೆ. ಓಡಿಬಂದು ಭುಜಕ್ಕೆ ತಾಗಿದ ಹುಡುಗ ಶಾಪದಿಂದ ಸತ್ತುಬೀಳುತ್ತಾನೆ. ಅಕ್ಷರ ಕಲಿಸಲು ಬಂದ ಮೇಷ್ಟ್ರು, ಮೊದಲ ಅಕ್ಷರವನ್ನು ಮೊದಲು ಸರಿಯಾಗಿ ಕಲಿಸು, ಆಮೇಲೆ ಎರಡನೆಯದರ ಬಗ್ಗೆ ನಿನ್ನನ್ನು ನಂಬುತ್ತೇವೆ ಎಂಬ ಹುಡುಗನ ಮಾತು ಕೇಳಿ ತಲೆತಗ್ಗಿಸುತ್ತಾನೆ. ಹೋಗ್ತಾ ಹೋಗ್ತಾ ಹುಡುಗ ಮೃದುವಾಗುತ್ತಾನೆ. ಮಾಳಿಗೆಯಿಂದ ಬಿದ್ದು ಸತ್ತ ಗೆಳೆಯನನ್ನು ಬದುಕಿಸುತ್ತಾನೆ. ಕೊಡ ಒಡೆದಾಗ ಅಮ್ಮನಿಗೆ ಬಟ್ಟೆಯಲ್ಲಿ ನೀರು ಹಿಡಿದು ತರುತ್ತಾನೆ. ಅಪ್ಪ ಮಂಚ ಮಾಡುವಾಗ ಗಿಡ್ಡವಾದ ಮರದ ತುಂಡನ್ನು ಎಳೆದು ಉದ್ದ ಮಾಡುತ್ತಾನೆ. ಕೊನೆಗೆ ಲೂಕನ ದೇವಾಲಯದ ಕತೆ ಬರುತ್ತದೆ.

ಇದನ್ನು ಓದಲೇಬೇಕೆಂದರೆ ಲೂಕ 2:41ರಿಂದ 52ರವರೆಗಿನ ಭಾಗವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಲೂಕನ ಹುಡುಗ ಬೋಧಕರ ಮಾತಿಗೆ ಕಿವಿಗೊಡುತ್ತಾನೆ. ಇಲ್ಲಿಯ ಹುಡುಗ ಮೇಷ್ಟ್ರ ಬಾಯಿ ಮುಚ್ಚಿಸುತ್ತಾನೆ. ಲೂಕನಲ್ಲಿ ಅವನ ಬುದ್ಧಿ ಬೆಳೆಯುತ್ತಾ ಹೋಗುತ್ತದೆ. ಇಲ್ಲಿ ಮೊದಲ ದಿನದಿಂದಲೇ ಎಲ್ಲ ಗೊತ್ತಿದೆ. ದೇವರು ನಿಜವಾಗಿ ಮಗುವಾದ ಎನ್ನುವ ನಂಬಿಕೆಗೆ ಲೂಕನ ಹುಡುಗನೇ ಹತ್ತಿರ. ಥೋಮನ ಹೆಸರಿನ ಪುಸ್ತಕವನ್ನು ಸಭೆ ಒಪ್ಪದಿದ್ದುದು ಸರಿ ಎಂದು ನನಗೆ ಅನಿಸುವುದು ಇದಕ್ಕೆ.

ಆಮೇಲಿನ ಶತಮಾನಗಳ ಬರಹಗಳೂ ಇವೆ. ಮತ್ತಾಯನ ಹೆಸರಿಗೆ ಅಂಟಿಸಿದ ಒಂದು ಲ್ಯಾಟಿನ್ ಪುಸ್ತಕದಲ್ಲಿ ಎತ್ತು, ಕತ್ತೆ ಗೋದಲಿಯ ಬಳಿ ಬರುತ್ತವೆ. ಅದಕ್ಕೆ ಎಳೆ ಸಿಕ್ಕಿದ್ದು ಯೆಶಾಯನ ಮೊದಲ ಅಧ್ಯಾಯದ ಮೂರನೇ ವಚನದಿಂದ. ಐಗುಪ್ತದ ದಾರಿಯಲ್ಲಿ ಖರ್ಜೂರದ ಮರ ಬಾಗಿ ಮರಿಯಳಿಗೆ ಹಣ್ಣು ಕೊಡುವುದೂ ಅದರಲ್ಲಿದೆ. ಮುಸ್ಲಿಂ ಗೆಳೆಯರ ಜೊತೆ ಮಾತಾಡುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಕುರಾನ್‌ನ 19ನೇ ಅಧ್ಯಾಯ ಮರ್ಯಮ್‌ನಲ್ಲಿ ಹೆರಿಗೆಯ ನೋವಿನಲ್ಲಿರುವ ಮರ್ಯಮ್ ಖರ್ಜೂರದ ಮರದ ಕೆಳಗೆ ಇದ್ದಾಳೆ. ಮಣ್ಣಿನ ಹಕ್ಕಿಗೆ ಜೀವ ಬರುವ ಮಾತು ಕುರಾನ್‌ನ 3 ಮತ್ತು 5ನೇ ಅಧ್ಯಾಯಗಳಲ್ಲಿದೆ.

ನಿಮಗೆ ಯಾವುದು?

ಕ್ರೈಸ್ತ ಧರ್ಮಕ್ಕೆ ಹೊಸಬರು, ಒಂದು ಸಲ ಓದಿ ನೋಡೋಣ ಅನ್ನುವವರು ಲೂಕನ ಎರಡನೇ ಅಧ್ಯಾಯದಿಂದ ಶುರು ಮಾಡಿ. ಇಷ್ಟವಾದರೆ ಒಂದನೇ ಅಧ್ಯಾಯಕ್ಕೆ ವಾಪಸ್ ಬನ್ನಿ. ಹಳೆಯ ಒಡಂಬಡಿಕೆ ಸ್ವಲ್ಪ ಗೊತ್ತಿದೆ ಅನ್ನುವವರಿಗೆ ಮತ್ತಾಯ ಜಾಸ್ತಿ ಕೊಡುತ್ತಾನೆ. ಊರು ಬಿಟ್ಟು ಓಡಿಬಂದವರ ನಡುವೆ, ಅಥವಾ ಮಗುವನ್ನು ಕಳೆದುಕೊಂಡವರ ಜೊತೆ ಓದುವುದಾದರೆ ಮತ್ತಾಯನ ಎರಡನೇ ಅಧ್ಯಾಯವನ್ನೇ ಓದಿ. ಅಲ್ಲಿ ಇಸ್ರಾಯೇಲರ ಮೂಲತಾಯಿ ರಾಹೇಲಳು ಮಕ್ಕಳಿಗಾಗಿ ಅಳುತ್ತಾಳೆ. ಸಮಾಧಾನ ಮಾಡಲು ಬಂದವರ ಮಾತು ಅವಳಿಗೆ ಬೇಡ. ಮತ್ತಾಯ ಆ ಅಳುವನ್ನು ಹಾಗೆಯೇ ಇರಲು ಬಿಟ್ಟಿದ್ದಾನೆ.

ಚಿಕ್ಕ ಮಕ್ಕಳಿಗೆ ಲೂಕ ಸಾಕು. ಕುರುಬರು, ಮುದುಕ ಸಿಮೆಯೋನ, ಕಳೆದುಹೋಗಿ ಸಿಕ್ಕಿದ ಹುಡುಗ, ಮೂರೂ ಅವರಿಗೆ ಬೇಗ ಹತ್ತಿರವಾಗುತ್ತವೆ. ಹೆರೋದನ ಕೊಲೆಯನ್ನು ಹತ್ತು ವರ್ಷ ದಾಟಿದ ಮೇಲೆ ಹೇಳಿದರೂ ತಡವಾಗುವುದಿಲ್ಲ, ಆದರೆ ಹೇಳದೇ ಬಿಡಬೇಡಿ. ಗುಬ್ಬಿಯ ಕತೆ ಹೇಳುವುದಾದರೆ ಇದು ಬೈಬಲ್‌ನದ್ದಲ್ಲ ಎಂದು ಮೊದಲೇ ಹೇಳಿಬಿಡಿ.

ನಾಟಕ ಮಾಡಿಸುವವರು ಒಂದು ವರ್ಷ ಲೂಕನನ್ನು, ಮುಂದಿನ ವರ್ಷ ಮತ್ತಾಯನನ್ನು ತೆಗೆದುಕೊಳ್ಳಿ. ಎರಡೂ ಒಂದೇ ವೇದಿಕೆಗೆ ಬೇಕೇಬೇಕು ಅಂದರೆ, ಕುರುಬರು ಹೋದ ಮೇಲೆ ಪರದೆ ಬೀಳಲಿ. ಮತ್ತೆ ತೆರೆದಾಗ ಗೋದಲಿ ಇರಬಾರದು, ಮನೆ ಇರಬೇಕು. ಮಗು ಸ್ವಲ್ಪ ದೊಡ್ಡದಾಗಿರಬೇಕು, ಯಾಕೆಂದರೆ ಹೆರೋದ ಜೋಯಿಸರಿಂದ ತಿಳಿದುಕೊಂಡ ಕಾಲದ ಲೆಕ್ಕದಲ್ಲೇ ಎರಡು ವರ್ಷ ಎಂದು ಗೆರೆ ಎಳೆದಿದ್ದಾನೆ.

ಯಾಕೋಬನ ಹೆಸರಿನ ಗ್ರಂಥವನ್ನು ಓದಬೇಕಾದವರು ಮರಿಯಮ್ಮನ ಹಬ್ಬ ಮಾಡುವವರು, ಚರ್ಚ್‌ನ ಹಳೆಯ ಚಿತ್ರಗಳನ್ನು ನೋಡಿ ಇದು ಯಾರು ಎಂದು ಕೇಳುವವರು. ಮತ್ತಾಯ, ಲೂಕ ಎರಡೂ ಚೆನ್ನಾಗಿ ಮನಸ್ಸಿನಲ್ಲಿ ಕೂತ ಮೇಲೆ ಓದಿ. ಇಲ್ಲದಿದ್ದರೆ ಯಾವುದು ಎಲ್ಲಿಯದು ಎಂದು ಗೊತ್ತಾಗದೆ ಹೋಗುತ್ತದೆ.

ಕನ್ನಡದಲ್ಲಿ ಯಾವ ಅನುವಾದ ಅಂತ ಕೇಳಿದರೆ, ಮನೆಯಲ್ಲಿ ಗಟ್ಟಿಯಾಗಿ ಓದಲು ಹಳೆಯ ಸತ್ಯವೇದ ಚೆನ್ನ, ಲೂಕನ ಹಾಡುಗಳಿಗೆ ಅದರ ನಡೆ ಒಪ್ಪುತ್ತದೆ. ಮಕ್ಕಳ ಜೊತೆ ಅಥವಾ ಹೊಸಬರ ಜೊತೆ ಓದಲು ಸರಳ ಕನ್ನಡದ ಈಚಿನ ಅನುವಾದ ತೆಗೆದುಕೊಳ್ಳಿ.

ಹಬ್ಬದ ದಿನಗಳಲ್ಲಿ ಹಂಚಿಕೊಂಡು ಓದುವುದು ಇನ್ನೊಂದು ಒಳ್ಳೆಯ ದಾರಿ. ಡಿಸೆಂಬರ್ 24ರ ರಾತ್ರಿಗೆ ಲೂಕ 2ರ ಮೊದಲ ಇಪ್ಪತ್ತು ವಚನ. ಡಿಸೆಂಬರ್ 28 ಹೆರೋದನ ಕೈಯಲ್ಲಿ ಸತ್ತ ಕೂಸುಗಳ ಸ್ಮರಣೆ, ಅಂದು ಮತ್ತಾಯ 2:13ರಿಂದ 18. ಜನವರಿ 6 ಅಥವಾ ಅದರ ಹತ್ತಿರದ ಭಾನುವಾರ ಜೋಯಿಸರದು, ಮತ್ತಾಯ 2:1ರಿಂದ 12. ಕ್ಯಾಲೆಂಡರ್‌ನಲ್ಲಿ ಕೂಸುಗಳ ದಿನ ಮೊದಲು ಬರುತ್ತದೆ, ಮತ್ತಾಯನಲ್ಲಿ ಜೋಯಿಸರು ಮೊದಲು ಬರುತ್ತಾರೆ, ಇದು ನೆನಪಿರಲಿ. ಫೆಬ್ರವರಿ 2ಕ್ಕೆ, ಕ್ರಿಸ್‌ಮಸ್‌ನಿಂದ ನಲವತ್ತನೇ ದಿನಕ್ಕೆ, ಲೂಕ 2:22ರಿಂದ 40. ಆ ದಿನ ಯಾಜಕಕಾಂಡದ ಹನ್ನೆರಡನೇ ಅಧ್ಯಾಯವನ್ನೂ ಜೊತೆಗೆ ಓದಿ, ಎಂಟೇ ವಚನ ಇದೆ.